ಸುಟ್ಟ ಆಯಿಲ್ಲಿನ ಕೈಗುಣ

ಬೇರೆಯವರ ತಾಯಂದಿರು ಮಗಳ ಮನೆಗೆ ಬರುವಾಗ ತುಪ್ಪ ತರುತ್ತಾರೆ, ಹಪ್ಪಳ ತರುತ್ತಾರೆ. ನಮ್ಮಮ್ಮ ಸುಟ್ಟ ಆಯಿಲ್ ತರುತ್ತಾಳೆ. ಬೇಗೂರಿನ ಹತ್ತಿರ ಹೆದ್ದಾರಿಯ ಪಕ್ಕ ನನ್ನ ತಮ್ಮನ ಲಾರಿ ಗ್ಯಾರೇಜಿದೆ. ಕೇರಳಕ್ಕೆ ತರಕಾರಿ ಹೊತ್ತು ಹೋಗುವ ಗಾಡಿಗಳ ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆ ಅದು. ಯಾವುದೋ ಡ್ರೈವರು ಕುಡಿದು ಎಸೆದ ಕ್ವಾರ್ಟರ್ ಬಾಟಲಿಗೆ ತುಂಬಿ, ಬಾಯಿಗೆ ಬಟ್ಟೆ ತುರುಕಿ, ಚೀಲದಲ್ಲಿ ಸೀರೆಯ ಕೆಳಗಿಟ್ಟುಕೊಂಡು ಬಸ್ಸು ಹತ್ತುತ್ತಾಳೆ. ಚಾಮರಾಜನಗರದಲ್ಲಿ ನನ್ನ ಮನೆಯೊಳಗೆ ಕಾಲಿಡುವ ಮೊದಲೇ ಶುರು.

"ಇದೇನಮ್ಮಿ ನಿನ್ ಗೇಟು ಇಂಗೆ ಅರಚ್ಕತದ? ಎರಿಗೆ ನೋವು ಬಂದಂಗೆ! ತಕ್ಕೊ, ಎರಡು ತೊಟ್ಟು ಬುಡು."

ನಾನು ಬಿಡುತ್ತಿರಲಿಲ್ಲ. ಆ ಗೇಟು ಕಿರುಗುಟ್ಟಿದರೆ ಯಾರು ಬಂದರು, ಯಾರು ಹೋದರು ಎಂದು ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ನನಗದು ಪುಕ್ಕಟೆ ಕಾಲಿಂಗ್ ಬೆಲ್ಲು. ಬಾಟಲಿಗಳು ಸಿಲಿಂಡರಿನ ಹಿಂದೆ ಸಾಲಾಗಿ ನಿಂತಿರುತ್ತಿದ್ದವು.

ಅಮ್ಮನಿಗೆ ಸುಟ್ಟ ಆಯಿಲ್ ಎಂದರೆ ಮದ್ದು. ಹಸುವಿನ ಮೈಗೆ ಉಣ್ಣೆ ಹತ್ತಿದರೆ ಅದೇ. ನಾಯಿಗೆ ಕಜ್ಜಿಯಾದರೆ ಅದೇ. ತಿಗಣೆ ಬಿದ್ದ ಮಂಚದ ಕಾಲಿಗೂ ಗೆದ್ದಲು ಹಿಡಿದ ಬಾಗಿಲಿಗೂ ಅದೇ. ಒಮ್ಮೆ ನನ್ನ ಮೊಣಕಾಲಿಗೂ ಹಚ್ಚಲು ಬಂದಿದ್ದಳು; ಮೊಣಕಾಲು ನೋವಿದ್ದ ನಾನು ಓಡಿದ್ದೆ. ಅವಳ ಬಲಗೈ ಹೆಬ್ಬೆರಳ ಉಗುರಿನ ಸಂದಿ ನಾನು ಕಂಡಂತೆ ಯಾವತ್ತೂ ಬಿಳಿ ಇದ್ದದ್ದಿಲ್ಲ.

ಈಗ ತಮ್ಮನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಈ ಕಥೆ ಅವಳದು.

ಉಡಿಗಾಲದ ಕಡೆಯ ಹುಡುಗಿ. ಹುಡುಗಿ ಎನ್ನುತ್ತೇನೆ, ಈಗ ಅವಳ ತಲೆಯಲ್ಲೂ ಬಿಳಿಕೂದಲಿದೆ. ಮದುವೆಯಾದ ಮೇಲೆ ಮೂರು ಸಲ ಬಸುರಿಯಾದಳು, ಮೂರು ಸಲವೂ ನಿಲ್ಲಲಿಲ್ಲ. ಮೈಸೂರಿನ ಡಾಕ್ಟರು ಗಂಡನನ್ನೂ ಕರೆದುಕೊಂಡು ಬಾ, ಅವನಿಗೂ ಪರೀಕ್ಷೆ ಮಾಡಬೇಕು ಎಂದರು. ಗಂಡ, ಅಂದರೆ ನನ್ನ ಘನ ತಮ್ಮ, ಗೇರ್‌ಬಾಕ್ಸ್ ಬಿಚ್ಚುತ್ತಿದ್ದೇನೆ ಎಂದ. ಇವತ್ತಿಗೂ ಬಿಚ್ಚುತ್ತಲೇ ಇದ್ದಾನೆ.

ಹಾಗಾಗಿ ದೂರಲು ಊರಿಗೆ ಉಳಿದದ್ದು ಅವಳ ಕೈ. ನಮ್ಮ ಕಡೆ ಎಲ್ಲದಕ್ಕೂ ಕೈಗುಣ ನೋಡುತ್ತಾರೆ. ಅವರೆಕಾಳು ಬಿತ್ತಲು, ಹಾಲಿಗೆ ಹೆಪ್ಪು ಹಾಕಲು, ಕೋಳಿಯನ್ನು ಕಾವಿಗೆ ಕೂರಿಸಲು ಮಕ್ಕಳಾದವಳ ಕೈಯೇ ಬೇಕು. ಇವಳು ಹೆಪ್ಪು ಹಾಕಿದ ಮೊಸರನ್ನು ಎರಡು ಸಲ ಬಡಿಸಿಕೊಂಡು ತಿಂದು, ತೇಗಿ, ಆಮೇಲೆ ಅವಳ ಕೈಗುಣ ಚೆನ್ನಾಗಿಲ್ಲ ಎಂದು ಮಾತಾಡುವ ಹೆಂಗಸರನ್ನು ನಾನು ಎದುರಿಗೇ ನೋಡಿದ್ದೇನೆ. ಅವರಲ್ಲಿ ಮೊದಲನೆಯವಳು ನಮ್ಮಮ್ಮ.

ಅಷ್ಟರಲ್ಲಿ ನನ್ನ ಮಗಳು ಬಸುರಿಯಾಗಿ ನಮ್ಮ ಮನೆಗೆ ಬಂದಳು. ನಮ್ಮ ಮನೆತನದಲ್ಲಿ ಬಸುರಿಗೆ ಮೊದಲ ಬಳೆ ತೊಡಿಸುವುದು ಸೋದರಮಾವನ ಹೆಂಡತಿ. ನನಗೆ ತೊಡಿಸಿದ್ದೂ ನಮ್ಮ ಸೋದರಮಾವನ ಹೆಂಡತಿಯೇ. ಅಂದರೆ ಈ ಸಲ ಆ ಹಕ್ಕು ತಮ್ಮನ ಹೆಂಡತಿಯದು. ಸುದ್ದಿ ಕೇಳಿದ ವಾರದಲ್ಲೇ ಗುಂಡ್ಲುಪೇಟೆಗೆ ಹೋಗಿ ಹಸಿರು ಗಾಜಿನ ಬಳೆ ತಂದು, ಒಡೆಯದಿರಲೆಂದು ತನ್ನ ಮದುವೆ ಸೀರೆಯೊಳಗೆ ಸುತ್ತಿ ಟ್ರಂಕಿನಲ್ಲಿಟ್ಟಿದ್ದಳು. ನನಗೊಬ್ಬಳಿಗೆ ತೋರಿಸಿದಳು. ಅವಳು ಯಾರಲ್ಲೂ ಏನನ್ನೂ ಕೇಳಿದವಳಲ್ಲ. ಇದೊಂದು ಬೇಕಾಗಿತ್ತು ಅವಳಿಗೆ.

ಅಮ್ಮ ಒಪ್ಪಲಿಲ್ಲ. ಬೇಗೂರಿನ ಮನೆಯ ಜಗಲಿಯಲ್ಲಿ ಕೂತು, ಒಳಗೆ ಅವಳಿದ್ದಾಳೆ ಎಂದು ಗೊತ್ತಿದ್ದೇ ದನಿ ಎತ್ತರಿಸಿದಳು.

"ಅವ್ಳ ಕೈಲಿ ಬಳೆ ತೊಡುಸ್ಕಂಡು ನಿನ್ ಮಗ್ಳಿಗೆ ಏನಾರ ಆದ್ರೆ ಯಾರ್ ಒಣೆ?"

"ಅಮ್ಮಾ, ಬಳೆ ಹಾಕೋದು ಕೈಗೆ. ಮಗು ಇರೋದು ಹೊಟ್ಟೇಲಿ," ಎಂದೆ.

"ಊ ಕಣಮ್ಮಿ, ನೀನು ಫೋನ್ನಲ್ಲಿ ಊರ್ಗೆಲ್ಲಾ ಬುದ್ಧಿ ಯೋಳವ್ಳು. ನಂಗೂ ಯೋಳು." ಎಲೆಯಡಿಕೆ ಉಗಿದು ಬಂದು ಕೂತಳು. "ಸರಿ, ನೋಡೇ ಬುಡನ. ಕೆಂದ ಹ್ಯಾಟೆ ಕಾವ್ಗೆ ಬಂದದ. ಅವ್ಳೇ ಮೊಟ್ಟೆ ಇಟ್ಟು ಕೂರುಸ್ಲಿ. ಮರಿ ಎದ್ರೆ ಬಳೆ ತೊಡುಸ್ಲಿ. ನಂಗೇನು ಒಟ್ಟೆಕಿಚ್ಚಾ?"

ಹ್ಯಾಟೆ ಎಂದರೆ ಹೆಣ್ಣು ಕೋಳಿ. ಒಬ್ಬ ಹೆಂಗಸಿನ ಮರ್ಯಾದೆಯನ್ನು ಒಂದು ಕೋಳಿಯ ಹೊಟ್ಟೆಯ ಕೆಳಗಿಡುವುದು ಎಂದರೆ ಇದೇ. ನಾನು ಬಾಯಿ ತೆಗೆಯುವಷ್ಟರಲ್ಲಿ ಒಳಗಿನಿಂದ ಅವಳೇ ಬಂದು ಬಾಗಿಲಲ್ಲಿ ನಿಂತಳು.

"ಆಯ್ತು ಅತ್ತೆ. ಕೂರುಸ್ತೀನಿ."

ಎಷ್ಟು ಜೋಪಾನ ಮಾಡಿದಳೆಂದರೆ, ಬಾಣಂತಿಗೂ ಯಾರೂ ಅಷ್ಟು ಮಾಡುವುದಿಲ್ಲ. ಹಳೆಯ ಮಂಕರಿ ಬುಟ್ಟಿಗೆ ಬೂದಿ ಹರಡಿ, ಮೇಲೆ ಒಣಹುಲ್ಲು ಹಾಸಿದಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ ಇಟ್ಟಳು. ಅರಿಶಿನದ ನೀರಲ್ಲಿ ಕೈ ತೊಳೆದು ಹನ್ನೊಂದು ಮೊಟ್ಟೆ ಇಟ್ಟಳು. ಕೆಂದ ಕೋಳಿ ಗೊರಗೊರ ಎನ್ನುತ್ತ ಒಂದೊಂದನ್ನೂ ಕೊಕ್ಕಿನಿಂದ ಹೊಟ್ಟೆಯ ಕೆಳಗೆ ಎಳೆದುಕೊಂಡು ಕೂತಿತು. ನಾನು ಅಷ್ಟು ನೋಡಿಕೊಂಡು ಚಾಮರಾಜನಗರಕ್ಕೆ ಬಂದೆ.

ಮರಿ ಏಳಬೇಕಾದ ದಿನ ಬಂತು, ದಾಟಿತು. ಇನ್ನೆರಡು ದಿನ ನೋಡೋಣ ಎಂದರು. ಕೋಳಿ ಕೂತೇ ಇತ್ತು. ಅದಕ್ಕೇನು ಗೊತ್ತು? ಕೊನೆಗೆ ಅಮ್ಮ ಫೋನು ಮಾಡಿ, "ಬಾ ಕಣಮ್ಮಿ, ನಿನ್ ಎದುರ್ಗೇ ಆಗ್ಲಿ," ಎಂದಳು. ನಾನು ಹೋದಾಗ ಪಕ್ಕದ ಮನೆಯ ಇಬ್ಬರು ಹೆಂಗಸರು ಆಗಲೇ ಬಂದು ನಿಂತಿದ್ದರು. ಅವರಿಗೆ ಯಾರು ಹೇಳಿದರು ಎಂದು ಕೇಳಬೇಡಿ.

"ತಿಪ್ಪೆ ತಾವ್ಕೆ ತಕಂಡೋಗಿ ಒಡಿ," ಅಮ್ಮ ಸೊಸೆಗೆ ಹೇಳಿದಳು. "ಒಂದೊಂದಾಗಿ ಒಡಿ. ಎಲ್ರೂ ನೋಡ್ಲಿ."

"ನಾನು ಒಡೀತೀನಿ ಬಿಡಮ್ಮ," ಎಂದೆ.

"ನೀನ್ಯಾಕೆ? ಇಟ್ಟ ಕೈಯೇ ಒಡೀಬೇಕು."

ಅವಳು ತಿಪ್ಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಡೆದಳು. ಮೊದಲನೆಯದರಲ್ಲಿ ಹಳದಿಯ ಮೇಲೆ ಕೆಂಪು ಉಂಗುರ, ಅಷ್ಟೆ. ಇನ್ನೊಂದರಲ್ಲಿ ರಾಗಿಕಾಳಿನಷ್ಟು ಕಪ್ಪು ಕಣ್ಣು ಬಂದಿತ್ತು. ಕಣ್ಣಿನ ಸುತ್ತ ಬೇರೆ ಏನೂ ಬಂದಿರಲಿಲ್ಲ. ಒಂದೆರಡು ಒಡೆದ ಕೂಡಲೇ ವಾಸನೆ ಹೊಡೆದು ಪಕ್ಕದ ಮನೆಯವಳು ಸೆರಗು ಮುಚ್ಚಿಕೊಂಡಳು, ಆದರೆ ಹೋಗಲಿಲ್ಲ. ಆಮೇಲಿನದರಲ್ಲಿ ಪೂರ್ತಿ ಮರಿಯೇ ಇತ್ತು. ಒದ್ದೆ ಪುಕ್ಕ, ಮಡಿಚಿದ ಕಾಲು. ಮೇಲಿನ ಕೊಕ್ಕು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ತಿರುಗಿತ್ತು, ಕತ್ತರಿ ತೆರೆದ ಹಾಗೆ.

"ನೋಡ್ರವ್ವಾ," ಅಮ್ಮ ಅಂದಳು, ಪಂಚಾಯ್ತಿ ತೀರ್ಮಾನ ಹೇಳುವವಳ ಹಾಗೆ. "ಒಳಗೇ ಸಾಯ್ತವೆ. ಅವ್ಳ ಒಟ್ಟೇಲಿ ಎಂಗೋ, ಅವ್ಳ ಕೈಲೂ ಅಂಗೇ."

ತಮ್ಮನ ಹೆಂಡತಿ ತಲೆ ಎತ್ತಲಿಲ್ಲ. ಸೊಟ್ಟ ಕೊಕ್ಕಿನ ಮರಿಯನ್ನು ಚಿಪ್ಪಿನೊಳಗೇ ಮತ್ತೆ ಮುಚ್ಚಲು ನೋಡುತ್ತಿದ್ದಳು. ಒಡೆದ ಚಿಪ್ಪು ಕೂಡುತ್ತದೆಯೇ?

ನನಗೆ ಉರಿದುಹೋಯಿತು. "ಸಾಕು ಏಳು," ಎಂದು ಅವಳ ಕೈಯಲ್ಲಿ ಉಳಿದಿದ್ದ ಮೊಟ್ಟೆಗಳನ್ನು ಕಿತ್ತುಕೊಂಡೆ. ಆಗ ಕಂಡದ್ದು. ಮೊಟ್ಟೆಯ ಮೇಲೆ ಅಲ್ಲಲ್ಲಿ ಕಂದು ಕಲೆ, ಜಿಡ್ಡು. ಮೂಸಿ ನೋಡಿದೆ. ಕೊಳೆತ ವಾಸನೆಯ ಮೇಲೆ ಇನ್ನೊಂದು ವಾಸನೆ, ನನ್ನ ಸಿಲಿಂಡರಿನ ಹಿಂದೆ ಬರುತ್ತಿತ್ತಲ್ಲ, ಅದು.

"ಇದಕ್ಕೆ ಆಯಿಲ್ ಯಾರು ಹಚ್ಚಿದ್ದು?"

"ಮೊಟ್ಟೆಗೆ ಯಾರ್ ಅಚ್ತಾರೆ? ಉಚ್ಚಿ ನೀನು," ಅಮ್ಮ ನಕ್ಕಳು. "ಹ್ಯಾಟೆಗೆ ಅಚ್ದೆ. ಮೈ ತುಂಬಾ ಕೂರೆ ಬಿದ್ದಿತ್ತು, ಪಾಪ, ಕೂರಕ್ಕೂ ಆಗ್ದೆ ಒದ್ದಾಡ್ತಿತ್ತು. ಕೂರ್ಸಿದ್ ಎರಡನೇ ದಿನ್ವೇ ಒಟ್ಟೆಗೆ, ರೆಕ್ಕೆ ಸಂದಿಗೆ ಚೆನ್ನಾಗಿ ತಿಕ್ದೆ. ಇಲ್ದಿದ್ರೆ ಎದ್ದೋಯ್ತಿತ್ತು. ಇವ್ಳಿಗೋಸ್ಕರವೇ ಮಾಡ್ದೆ ಕಣಮ್ಮಿ."

ಕೂರೆ ಎಂದರೆ ಕೋಳಿಯ ಮೈಗೆ ಬೀಳುವ ಹೇನು. ಅಮ್ಮ ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಸೊಸೆಯ ಮೇಲಿನ ಕರುಣೆಯಿಂದಲೇ ಹಚ್ಚಿದ್ದಳು.

ಉಳಿದ ಎರಡು ಮೊಟ್ಟೆಗಳನ್ನು ಕವರಿನಲ್ಲಿ ಕಟ್ಟಿಕೊಂಡು ತಮ್ಮನ ಹೆಂಡತಿಯನ್ನೂ ಎಬ್ಬಿಸಿಕೊಂಡು ಗುಂಡ್ಲುಪೇಟೆಯ ಒಬ್ಬ ದನದ ಡಾಕ್ಟರ ಹತ್ತಿರ ಹೋದೆ. ಅವರು ಮೊಟ್ಟೆ ಮೂಸಿ, ಮೊಬೈಲ್ ಟಾರ್ಚು ಬಿಟ್ಟು ನೋಡಿ, ಕೆಳಗಿಟ್ಟರು.

"ಮೊಟ್ಟೆಗೆ ಹಚ್ಚಿಲ್ಲ, ಕೋಳಿಗೆ ಹಚ್ಚಿದ್ದು ಅಂತೀರಿ. ಕಾವಿಗೆ ಕೂತ ಕೋಳಿ ಹೊಟ್ಟೇಲಿ ಪುಕ್ಕ ಉದುರಿರುತ್ತೆ ಮೇಡಂ. ಬರಿ ಚರ್ಮಾನ ಮೊಟ್ಟೆಗೆ ಒತ್ತಿ ಕೂರುತ್ತೆ, ದಿನಾ ಮೊಟ್ಟೆ ಹೊರಳಿಸುತ್ತೆ. ನೀವು ಬ್ರಶ್ಶಿಗೆ ಪೇಂಟ್ ಅದ್ದಿ ಕೊಟ್ರಿ, ಅದು ಬಳಿದುಬಿಡ್ತು."

"ಉಸಿರು ಕಟ್ಟಿ ಸತ್ವಾ?" ತಮ್ಮನ ಹೆಂಡತಿ ಕೇಳಿದಳು. ಆ ದಿನ ಅವಳು ಆಡಿದ ಮೊದಲ ಮಾತು.

"ಚಿಪ್ಪಿನ ತುಂಬ ಕಣ್ಣಿಗೆ ಕಾಣದ ತೂತು ಇರ್ತವಮ್ಮ. ಮರಿ ಅದರಿಂದಲೇ ಉಸಿರಾಡೋದು. ಅದು ಮುಚ್ಚುತ್ತೆ, ನಿಜ. ಆದ್ರೆ ಅಷ್ಟೊಂದು ಎಣ್ಣೆ ಬೇಕಾಗೇ ಇಲ್ಲ. ಅದೇ ತೂತಲ್ಲಿ ವಿಷ ಒಳಗಿಳಿಯುತ್ತಲ್ಲ, ಒಂದೆರಡು ಹನಿ ಸಾಕು. ಶುರುವಿನ ದಿನಗಳಲ್ಲಿ ತಗುಲಿದ್ರೆ ಬಹಳಷ್ಟು ಅಲ್ಲೇ ಮುಗೀತವೆ. ಉಳಿದವು ಬೆಳೀತಾ ಬೆಳೀತಾ ಸೊಟ್ಟ ಆಗ್ತವೆ. ಸಮುದ್ರದಲ್ಲಿ ಹಡಗಿನ ಎಣ್ಣೆ ಚೆಲ್ಲಿದಾಗ ಹಕ್ಕಿಗಳು ಎದೆಗೆ ಮೆತ್ತಿಕೊಂಡು ಗೂಡಿಗೆ ಬರ್ತವೆ. ತಮ್ಮ ಮೊಟ್ಟೆಗೆ ತಾವೇ ಒರೆಸ್ತವೆ. ಅವಕ್ಕೆ ಗೊತ್ತೂ ಆಗಲ್ಲ."

"ಅಂದ್ರೆ ಇಟ್ಟೋರ ಕೈಯಿಂದ ಏನೂ ಇಲ್ಲ?"

ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಕೈಯಲ್ಲಿ ಎಣ್ಣೆ ಇದ್ರೆ ಉಂಟು," ಎಂದರು.

ವಾಪಸು ಬರುವಾಗ ಅವಳು ಮನೆಗೆ ಹೋಗದೆ ನನ್ನನ್ನು ಗ್ಯಾರೇಜಿನ ಹಿಂದಿನ ಕಟ್ಟೆಗೆ ಕರೆದುಕೊಂಡು ಹೋದಳು. ಕಟ್ಟೆ ಎಂದರೆ ಮಳೆನೀರು ನಿಲ್ಲುವ ಚಿಕ್ಕ ಕೆರೆ. ತಮ್ಮ ಒಳ್ಳೆಯ ಎಣ್ಣೆಯನ್ನು ಡ್ರಮ್ಮಿಗೆ ತುಂಬಿ ಮಾರುತ್ತಾನೆ. ಮಣ್ಣು, ಡೀಸೆಲ್ಲು ಬೆರೆತದ್ದನ್ನು ಹಿಂದಿನ ಕಾಲುವೆಗೆ ಚೆಲ್ಲುತ್ತಾನೆ. ಅದು ಕಟ್ಟೆಗೆ ಇಳಿಯುತ್ತದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿತ್ತು. ದೂರದಿಂದ ಚೆಂದವೇ.

ಜೊಂಡಿನ ನಡುವೆ ಒಂದು ನೀರುಕೋಳಿ ಗೂಡು ಕಟ್ಟಿತ್ತು. ಸೊಂಟದವರೆಗೆ ಸೀರೆ ನೆನೆಸಿಕೊಂಡು ಅವಳು ಹತ್ತಿರ ಹೋದಳು. ಹಕ್ಕಿ ಹಾರಲಿಲ್ಲ, ನಾಲ್ಕು ಮಾರು ಈಜಿ ನಿಂತು ಕ್ರುಕ್ ಎಂದಿತು. ಹೊಟ್ಟೆಯ ಪುಕ್ಕ ಅಂಟಿಕೊಂಡು ಮುದ್ದೆಯಾಗಿತ್ತು. "ನಾನು ಬಟ್ಟೆ ಒಗ್ಯಕ್ ಬಂದಾಗ್ಲೆಲ್ಲಾ ನೋಡ್ತಿವ್ನಿ ಅತ್ಗೆಮ್ಮ. ನಮ್ ಹ್ಯಾಟೆಗಿಂತ ಮೊದ್ಲೇ ಕೂತಿತ್ತು ಇದು," ಎಂದಳು. ಗೂಡಿನಿಂದ ಒಂದು ಮೊಟ್ಟೆ ಎತ್ತಿ ನನಗೆ ಕಾಣುವಂತೆ ಹಿಡಿದಳು. ಚುಕ್ಕೆ ಚುಕ್ಕೆಯ ಮೊಟ್ಟೆ. ಚುಕ್ಕೆಗಳ ಮೇಲೆ ಅದೇ ಕಂದು ಜಿಡ್ಡು. ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿತು.

"ಇದ್ಕೂ ನಾನೇ ಕೈ ಆಕಿದ್ನಾ ಅತ್ಗೆಮ್ಮ?"

ಮೊಟ್ಟೆಯನ್ನು ಮತ್ತೆ ಗೂಡಿನಲ್ಲಿಟ್ಟು ಬಂದಳು. ನಾವು ದಡ ಸೇರುವಷ್ಟರಲ್ಲಿ ಹಕ್ಕಿ ಹೋಗಿ ಅದರ ಮೇಲೆ ಕೂತಿತ್ತು.

ತಮ್ಮನನ್ನು ಹಿಡಿದು ಕೇಳಿದೆ. ಲಾರಿಯ ಕೆಳಗಿಂದ ಮುಖ ಮಾತ್ರ ಈಚೆ ಹಾಕಿದ.

"ಇನ್ನೆಲ್ಲಿಗೆ ಸುರೀಲಕ್ಕ? ನಿನ್ ತಲೆ ಮ್ಯಾಕಾ? ಕೂದ್ಲಾದ್ರೂ ಕಪ್ಪಗಾಯ್ತದ."

"ನಿನ್ನ ಹೆಂಡತಿ ಮರ್ಯಾದೆ ಹೋಗ್ತಾ ಇದೆಯಲ್ಲೋ ಅಲ್ಲಿ."

"ಕೋಳಿ ಮೊಟ್ಟೆಗೆ ಯಾವ್ ಮರ್ಯಾದೆ ಬುಡಕ್ಕ," ಎಂದು ಮುಖ ಒಳಗೆ ಎಳೆದುಕೊಂಡ. ಆಮೆ ನೋಡಿ ಅದು, ಆಮೆ.

ಅಮ್ಮನಿಗೆ ಡಾಕ್ಟರ ಮಾತನ್ನು ಬಿಡಿಸಿ ಬಿಡಿಸಿ ಹೇಳಿದೆ. "ಅವ್ನಿಗೆಷ್ಟು ವಯ್ಸು?" ಎಂದಳು. "ಚಿಕ್ಕೋರೇ," ಎಂದೆ. "ಅದ್ಕೇ," ಎಂದಳು. ಅಲ್ಲಿಗೆ ಮುಗಿಯಿತು.

ಮುಗಿಯದಿದ್ದದ್ದು ಒಬ್ಬಳಿಗೆ. ತಮ್ಮನ ಹೆಂಡತಿ ತವರಿನಿಂದ ಇನ್ನೊಂದು ಹ್ಯಾಟೆ ತಂದಳು, ಕಾವಿಗೆ ಬಂದದ್ದು. ಅದಕ್ಕೆ ಬರಿ ಬೂದಿ ತಿಕ್ಕಿ ಹೇನು ಕಳೆದಳು. ಸೌದೆ ಕೋಣೆಯಲ್ಲಿ ಮಂಕರಿ ಇಟ್ಟು, ಹೊಸ ಮೊಟ್ಟೆ ಕೂರಿಸಿ, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ತಾಳಿಗೆ ಸಿಕ್ಕಿಸಿಕೊಂಡಳು. ಗ್ಯಾರೇಜಿಗೆ ಊಟ ಕೊಟ್ಟು ಬಂದರೆ ಸೋಪು ಹಾಕಿ ಮೊಣಕೈವರೆಗೆ ತೊಳೆಯದೆ ಆ ಕೋಣೆಗೆ ಹೋಗುತ್ತಿರಲಿಲ್ಲ.

"ಒಳಗೇನು ಮಹಾರಾಣಿ ಎರಿಗೆ ಆಯ್ತಾದ?" ಅಮ್ಮ ಹೋಗುವವರು ಬರುವವರಿಗೆಲ್ಲ ಹೇಳಿ ನಗುತ್ತಿದ್ದಳು.

ಮರಿ ಎದ್ದವು. ಒಂದು ಬಿಟ್ಟು ಎಲ್ಲವೂ. ಅವಳು ನನಗೆ ವೀಡಿಯೊ ಕಾಲ್ ಮಾಡಿದಳು. ಫೋನನ್ನು ಮಂಕರಿಯ ಮೇಲೆ ಹಿಡಿದಿದ್ದಳು. ಹಳದಿ ಉಂಡೆಗಳು ಚಿಂವ್‌ಚಿಂವ್ ಎನ್ನುತ್ತಿದ್ದವು, ಅವಳ ಮುಖ ಕಾಣಲಿಲ್ಲ. ಮೂಗು ಸೀನುವ ಸದ್ದು ಮಾತ್ರ ಕೇಳಿತು. ನನ್ನ ಮಗಳು ಪಕ್ಕದಲ್ಲೇ ಇದ್ದಳು. "ಸೂಪರ್ ಅತ್ತೆ!" ಎಂದು ಚಪ್ಪಾಳೆ ತಟ್ಟಿದಳು. ಅವಳು ಬಿಎಸ್ಸಿ ಓದಿದವಳು. ಡಾಕ್ಟರು ಹೇಳಿದ್ದನ್ನೆಲ್ಲ ಫೋನಿನಲ್ಲಿ ಹುಡುಕಿ, ಎಣ್ಣೆ ಮೆತ್ತಿದ ಸಮುದ್ರದ ಹಕ್ಕಿಗಳ ಚಿತ್ರ ನನಗೆ ತೋರಿಸಿದವಳು ಅವಳೇ.

ಮಾರನೇ ದಿನ ಅಮ್ಮನಿಗೆ ಫೋನು ಮಾಡಿದೆ. "ಏನಮ್ಮಾ, ಸೊಸೆ ಕೈಗುಣ ಹೇಗೆ?"

"ಅದ್ಕೂ ಅವ್ಳಿಗೂ ಏನ್ ಸಂಬಂದ? ಹ್ಯಾಟೆ ಕಾವು ಕೊಡ್ತು, ಮರಿ ಎದ್ದೊ."

"ಮೊನ್ನೆ ಕೆಟ್ಟಾಗ?"

"ಕೆಡೋದು ಕೈಯಿಂದ ಕಣಮ್ಮಿ, ಏಳೋದು ಕಾವಿಂದ. ಅಷ್ಟೂ ಗೊತ್ತಿಲ್ವಾ ನಿಂಗೆ?"

ಇಂಥ ಕಾನೂನನ್ನು ಯಾವ ವಕೀಲ ಒಡೆಯುತ್ತಾನೆ, ಹೇಳಿ. ಆದರೂ ನಾನು ಹಟ ಹಿಡಿದೆ. ಮಾತು ಮಾತೇ, ಬಳೆ ಅವಳೇ ತೊಡಿಸಬೇಕು, ಇದು ನನ್ನ ಮನೆ, ನನ್ನ ಮಗಳು ಎಂದೆ. ಅಮ್ಮ "ನಿನ್ ಇಷ್ಟ" ಎಂದಳು. ಅಷ್ಟು ಸುಲಭವಾಗಿ ಅವಳು ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಬಳೆ ತೊಡಿಸುವ ದಿನ ಬೆಳಿಗ್ಗೆಯೇ ಬಂದರು. ತಮ್ಮನ ಹೆಂಡತಿ ಮದುವೆ ಸೀರೆ ಉಟ್ಟಿದ್ದಳು, ಬಳೆ ಸುತ್ತಿಟ್ಟಿದ್ದಳಲ್ಲ, ಅದೇ ಸೀರೆ. ಮಡಿಕೆಯ ಗೆರೆ ಹಾಗೇ ಇತ್ತು. ಅಮ್ಮ ಒಳಗೇ ಬರಲಿಲ್ಲ. ಗೇಟಿನ ಹತ್ತಿರ ಏನೋ ಮಾಡುತ್ತಿದ್ದಳು. ನಾನು ಒಬ್ಬಟ್ಟಿನ ಮುಂದಿದ್ದೆ, ಗಮನ ಕೊಡಲಿಲ್ಲ. ಆಮೇಲೆ ಒಳಗೆ ಬಂದವಳು ಮೊಮ್ಮಗಳ ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದಳು.

ಮಗಳನ್ನು ಮಣೆಯ ಮೇಲೆ ಕೂರಿಸಿ, ಮಡಿಲಿಗೆ ಅಕ್ಕಿ ತುಂಬಿ, ಹೂ ಮುಡಿಸಿದೆವು. ತಮ್ಮನ ಹೆಂಡತಿ ಬಳೆಯ ತಟ್ಟೆ ಹಿಡಿದು ಎದುರಿಗೆ ಬಂದು ಕೂತಳು. ಕೈ ಎಷ್ಟು ತೊಳೆದಿದ್ದಳೋ, ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು. ಒಂದು ಹಸಿರು ಬಳೆ ಎತ್ತಿಕೊಂಡು, "ಕೈ ಕೊಡು ಮಗ," ಎಂದಳು.

ಮಗಳು ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು.

ನಾನು ಬಗ್ಗಿ, "ಏನೇ ಇದು? ಎಲ್ಲ ಗೊತ್ತಿರೋಳು ನೀನು," ಎಂದು ಹಲ್ಲು ಕಚ್ಚಿ ಹೇಳಿದೆ.

"ಗೊತ್ತಮ್ಮ. ಎಲ್ಲ ಗೊತ್ತು." ನೆಲ ನೋಡುತ್ತಿದ್ದಳು. "ಆದ್ರೂ ಈಗ ಬೇಡ. ಮಗು ಹುಟ್ಲಿ, ಆಮೇಲೆ ಬೇಕಾದ್ರೆ ಅತ್ತೆ ಕೈಯಲ್ಲೇ ಹತ್ತು ಡಜನ್ ಹಾಕಿಸ್ಕೋತೀನಿ."

ತಮ್ಮನ ಹೆಂಡತಿ ಬಳೆಯನ್ನು ತಟ್ಟೆಗೆ ಇಟ್ಟಳು, ಸದ್ದಾಗದ ಹಾಗೆ. ಎದ್ದು ಜಾಗ ಬಿಟ್ಟಳು. ಅಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಾಗಿತ್ತು. ಮಗಳು ಸೆರಗಿನಿಂದ ಕೈ ತೆಗೆದು ಅಜ್ಜಿಯ ಮುಂದೆ ಚಾಚಿದಳು.

ಆಗ ತಮ್ಮನ ಹೆಂಡತಿ ಒಂದು ಒದ್ದೆ ಟವೆಲ್ ತಂದು ಅಮ್ಮನ ಪಕ್ಕ ಹಿಡಿದಳು. "ಕೈ ಒರೆಸ್ಕಳಿ ಅತ್ತೆ. ಆಯಿಲ್ ಅದ."

ನೋಡಿದೆ. ಅಮ್ಮನ ಉಗುರಿನ ಸಂದಿಯಲ್ಲಿ, ಹೆಬ್ಬೆರಳ ಗೆರೆಗಳಲ್ಲಿ ಹಸಿ ಕಪ್ಪು ಮಿರುಗುತ್ತಿತ್ತು.

"ಗೇಟ್ಗೆ ಬುಟ್ಟೆ ಕಣ. ಅದೇನ್ ಮಾಡ್ತದ ಬುಡು, ಗಾಯಕ್ಕೂ ಮದ್ದು ಅದು," ಎಂದು ಅಮ್ಮ ಟವೆಲ್ ತಳ್ಳಿದಳು. ಮೊಮ್ಮಗಳ ಬೆರಳುಗಳನ್ನು ಒತ್ತಿ ಹಿಡಿದು ಬಳೆ ಏರಿಸಿದಳು. ಕೈಗುಣ ಒಳ್ಳೆಯದೇ ಇರಬೇಕು, ಒಂದೂ ಒಡೆಯಲಿಲ್ಲ. ಹೆಂಗಸರು ಸೋಬಾನೆ ಹೇಳಿದರು. ನಾನು ಮಗಳ ಮಣಿಕಟ್ಟಿನ ಮೇಲೆ ಮೂಡಿದ್ದ ಕಪ್ಪು ಹೆಬ್ಬೆಟ್ಟಿನ ಗುರುತು ನೋಡುತ್ತಿದ್ದೆ.

ಊಟಕ್ಕೆ ಎಲೆ ಹಾಕಿದಾಗ ತಮ್ಮನ ಹೆಂಡತಿಯನ್ನು ಕರೆದೆ. ಅಡುಗೆಮನೆಯಲ್ಲಿರಲಿಲ್ಲ. ಹಿತ್ತಲಲ್ಲೂ ಇರಲಿಲ್ಲ. ಟವೆಲ್ಲು ಮಡಿಚಿ ಸಿಲಿಂಡರಿನ ಮೇಲೆ ಇಟ್ಟಿತ್ತು. ಯಾವಾಗ ಹೊರಟಳೋ ಗೊತ್ತಿಲ್ಲ. ಗೇಟು ಒಂದಿಷ್ಟೂ ಸದ್ದು ಮಾಡಿರಲಿಲ್ಲ.